ಹೆಂಡತಿ ಶತ್ರುಗಳ ಗೂಢಚಾರಿಣಿಯಾದರೆ ಗಂಡನೇ ಗುಂಡು ಹೊಡೆಯಬೇಕಾ?

ಪ್ರಶ್ನೆ: ಸರ್, ಮೊನ್ನೆ ಮನೆಯಲ್ಲಿ ‘ಅಲೈಡ್’ ಸಿನಿಮಾ ನೋಡಿದೆವು. ಎರಡನೇ ಮಹಾಯುದ್ಧದ ಗೂಢಚಾರಿಗಳ ಪ್ರೇಮಕಥೆ ಅಂತ ಭಾರೀ ಆಸೆ ಇಟ್ಟುಕೊಂಡು ಕೂತಿದ್ದೆ. ಮುಗಿದ ಮೇಲೆ ತಲೆತುಂಬಾ ಪ್ರಶ್ನೆಗಳು. ಅವಳು ಜರ್ಮನರ ಕಡೆಯವಳಾಗಿದ್ದರೆ ಜರ್ಮನ್ ರಾಯಭಾರಿಯನ್ನೇ ಯಾಕೆ ಕೊಂದಳು? ಗಂಡ ರಾತ್ರೋರಾತ್ರಿ ವಿಮಾನದಲ್ಲಿ ಶತ್ರುಗಳ ನೆಲಕ್ಕೆ ಹೋಗಿ ವಿಚಾರಣೆ ಮಾಡಿಕೊಂಡು ವಾಪಸ್ ಬರೋದು ಸಾಧ್ಯವಾ? ಹೆಂಡತಿ ಗೂಢಚಾರಿಣಿ ಅಂತ ಗೊತ್ತಾದರೆ ಗಂಡನೇ ಕೈಯಾರೆ ಕೊಲ್ಲಬೇಕು ಅನ್ನೋ ನಿಯಮ ನಿಜವಾಗಿ ಇತ್ತಾ? ನಮ್ಮ ಯಜಮಾನರು ‘ಸಿನಿಮಾದಲ್ಲಿ ಲಾಜಿಕ್ ಹುಡುಕಬೇಡ, ಸುಮ್ನೆ ನೋಡು’ ಅಂತಾರೆ. ಆದರೆ ಅದೇ ಕಾಲದ ಒಂದು ಕಥೆಯನ್ನು ನಾನೂ ವೆಬ್ ಸೀರೀಸ್‌ಗೆ ಅಂತ ಬರೆಯುತ್ತಿದ್ದೇನೆ. ಇವೆಲ್ಲ ನಿಜವಾದ ತಪ್ಪುಗಳಾ, ಇಲ್ಲ ನಾನೇ ಬೇರೇನೋ ನಿರೀಕ್ಷಿಸಿದ್ದೆನಾ? ನನ್ನ ಸ್ಕ್ರಿಪ್ಟ್‌ನಲ್ಲಿ ಇಂಥದ್ದನ್ನು ತಪ್ಪಿಸೋದು ಹೇಗೆ?
— ಓದುಗರೊಬ್ಬರು, ಶಿವಮೊಗ್ಗ

ಉತ್ತರ: ನಿಮ್ಮ ಯಜಮಾನರ ಮಾತನ್ನು ಅರ್ಧ ಒಪ್ಪುತ್ತೇನೆ. ಸುಮ್ನೆ ನೋಡುವವರಿಗೆ ಅದು ಸರಿ. ಬರೆಯುವವರಿಗೆ ಸರಿಹೋಗಲ್ಲ. ಬೇರೆಯವರ ಸ್ಕ್ರಿಪ್ಟ್ ಓದಿ ಎಲ್ಲಿ ಸೋರುತ್ತಿದೆ ಅಂತ ಹೇಳುವುದೇ ನನ್ನ ಕೆಲಸ. ಆ ಕಣ್ಣಿನಿಂದ ನೋಡಿದರೆ ನಿಮ್ಮ ಮೂರು ಪ್ರಶ್ನೆಗಳಲ್ಲಿ ಒಂದು ಸಣ್ಣ ತೂತು, ಒಂದು ಅರ್ಧ ನಿಜ, ಮತ್ತೊಂದು ಇಡೀ ಕಥೆಯನ್ನೇ ಮುಳುಗಿಸುವಷ್ಟು ದೊಡ್ಡದು. ಸಿನಿಮಾ ನೋಡದವರು ಇಲ್ಲಿಗೇ ನಿಲ್ಲಿಸಿಬಿಡಿ. ಮುಂದೆ ಕ್ಲೈಮ್ಯಾಕ್ಸ್‌ವರೆಗೆ ಎಲ್ಲ ಗುಟ್ಟೂ ರಟ್ಟಾಗುತ್ತದೆ.

ಬೇರೆ ಓದುಗರಿಗಾಗಿ ಕಥೆಯನ್ನು ಚುಟುಕಾಗಿ ಹೇಳಿಬಿಡುತ್ತೇನೆ. 2016ರ ಚಿತ್ರ. ನಿರ್ದೇಶನ ರಾಬರ್ಟ್ ಝೆಮೆಕಿಸ್, ಬರವಣಿಗೆ ಸ್ಟೀವನ್ ನೈಟ್. 1942ರಲ್ಲಿ ಕೆನಡಾದ ಮ್ಯಾಕ್ಸ್ ವಟಾನ್ ಮೊರಾಕೊದ ಮರಳುಗಾಡಿಗೆ ಪ್ಯಾರಾಶೂಟ್‌ನಲ್ಲಿ ಇಳಿಯುತ್ತಾನೆ. ಕಾಸಾಬ್ಲಾಂಕಾದಲ್ಲಿ ಫ್ರೆಂಚ್ ಪ್ರತಿರೋಧ ಚಳವಳಿಯ ಮರಿಯಾನ್ ಜೊತೆ ಗಂಡ–ಹೆಂಡತಿಯ ವೇಷ ಹಾಕಿ ಜರ್ಮನ್ ರಾಯಭಾರಿಯನ್ನು ಕೊಲ್ಲುತ್ತಾನೆ. ವೇಷ ನಿಜವಾಗುತ್ತದೆ. ಲಂಡನ್‌ಗೆ ಬಂದು ಮದುವೆಯಾಗುತ್ತಾರೆ, ಒಂದು ಹೆಣ್ಣುಮಗು ಹುಟ್ಟುತ್ತದೆ. ಆಮೇಲೆ ಒಂದು ದಿನ ಮೇಲಧಿಕಾರಿಗಳು ಕರೆದು ಹೇಳುತ್ತಾರೆ: ನಿಜವಾದ ಮರಿಯಾನ್ ಯಾವತ್ತೋ ಸತ್ತಿದ್ದಾಳೆ, ನಿನ್ನ ಮನೆಯಲ್ಲಿ ಇರುವವಳು ಜರ್ಮನ್ ಗೂಢಚಾರಿಣಿ ಅಂತ ಅನುಮಾನವಿದೆ. ರಾತ್ರಿ ಫೋನಿನಲ್ಲಿ ಒಂದು ಸುಳ್ಳು ಮಾಹಿತಿ ಕೊಡುತ್ತೇವೆ. ಅದನ್ನು ಬರೆದು ಅವಳ ಕಣ್ಣಿಗೆ ಬೀಳುವ ಹಾಗೆ ಇಡು. ಜರ್ಮನರ ಸಂದೇಶದಲ್ಲಿ ಅದು ಕಾಣಿಸಿಕೊಂಡರೆ ನೀನೇ ಅವಳನ್ನು ಕೊಲ್ಲಬೇಕು. ನೀನೂ ಅವಳ ಜೊತೆ ಸೇರಿದ್ದರೆ ನಿನಗೆ ನೇಣು.

ಮೊದಲು ರಾಯಭಾರಿಯ ವಿಷಯ. ಚಿತ್ರ ಇದಕ್ಕೆ ಉತ್ತರ ಕೊಡುತ್ತದೆ, ಆದರೆ ಕಣ್ಣು ಮಿಟುಕಿಸುವುದರೊಳಗೆ ಮುಗಿದುಹೋಗುತ್ತದೆ. ಆ ರಾಯಭಾರಿ ಹಿಟ್ಲರ್‌ಗೆ ಬೇಡವಾಗಿದ್ದ, ಅವನು ಸಾಯುವುದು ಅವರಿಗೂ ಬೇಕಿತ್ತು ಅಂತ ಅಧಿಕಾರಿ ಒಂದು ಮಾತು ಎಸೆದು ಹೋಗುತ್ತಾನೆ. ಹಾಗಾಗಿ ಇದನ್ನು ತೂತು ಅನ್ನುವ ಬದಲು ತೇಪೆ ಅನ್ನಬಹುದು. ಬೇಜಾರೆಂದರೆ ಒಳ್ಳೆ ಬಟ್ಟೆ ಪಕ್ಕದಲ್ಲೇ ಬಿದ್ದಿತ್ತು. ಜರ್ಮನ್ ಸೇನೆಯ ಬೇಹುಗಾರಿಕೆ ಸಂಸ್ಥೆ ಅಬ್ವೆಹ್ರ್‌ಗೂ ನಾಜಿ ನಾಯಕ ಹಿಮ್ಲರ್‌ನ ಬೇಹುಗಾರಿಕೆ ಪಡೆ ಎಸ್‌ಡಿಗೂ ಹಾವು–ಮುಂಗುಸಿ ಸಂಬಂಧ. 1944ರ ಫೆಬ್ರವರಿಯಲ್ಲಿ ಅಬ್ವೆಹ್ರ್ ಮುಖ್ಯಸ್ಥ ಕನಾರಿಸ್‌ನನ್ನು ತೆಗೆದು ಇಡೀ ಸಂಸ್ಥೆಯನ್ನು ಹಿಮ್ಲರ್ ಕಡೆಯವರು ನುಂಗಿದರು. ಒಂದು ಬಣ ಇನ್ನೊಂದು ಬಣದವನನ್ನು ಬ್ರಿಟಿಷರ ಕೈಯಿಂದ ಮುಗಿಸಿತು ಅಂತ ಎರಡು ಸೀನ್ ಬರೆದಿದ್ದರೆ ನೀವು ಈ ಪ್ರಶ್ನೆ ಕೇಳುತ್ತಲೇ ಇರಲಿಲ್ಲ.

ಚರಿತ್ರೆಯ ತಪ್ಪು ಬೇರೆ ಇದೆ. 1942ರಲ್ಲಿ ಮೊರಾಕೊ ಜರ್ಮನರ ವಶದಲ್ಲಿ ಇರಲಿಲ್ಲ. ಅದು ಫ್ರಾನ್ಸಿನ ರಕ್ಷಣೆಯಲ್ಲಿದ್ದ ನಾಡು, ಆಡಳಿತ ಜರ್ಮನಿಗೆ ಸೋತ ಮೇಲೆ ಫ್ರಾನ್ಸಿನಲ್ಲಿ ಬಂದ ವಿಶಿ ಸರ್ಕಾರದ್ದು. ಜರ್ಮನರಿಗೆ ಅಲ್ಲಿ ಕದನವಿರಾಮದ ಷರತ್ತುಗಳ ಮೇಲೆ ಕಣ್ಣಿಡುವ ಆಯೋಗ ಇತ್ತು, ಕಾನ್ಸುಲ್ ಕಚೇರಿ ಇತ್ತು. ಸ್ವತಂತ್ರ ದೇಶವೇ ಅಲ್ಲದ ಕಡೆ ರಾಯಭಾರಿ ಎಲ್ಲಿಂದ ಬರಬೇಕು? ಆ ವರ್ಷ ನವೆಂಬರ್ 8ಕ್ಕೆ ಅಮೆರಿಕದ ಸೈನ್ಯ ಅಲ್ಲಿ ಇಳಿದ ಮೇಲೆ ಜರ್ಮನರ ಆಟವೂ ಮುಗಿಯಿತು. ಆದರೂ ಇದನ್ನು ನಾನು ಮನ್ನಿಸುತ್ತೇನೆ. ರಾಯಭಾರಿ ಅಂದರೆ ನೋಡುವವರಿಗೆ ತಕ್ಷಣ ಅರ್ಥವಾಗುತ್ತದೆ, ‘ಕದನವಿರಾಮ ಆಯೋಗದ ಉಪಾಧ್ಯಕ್ಷ’ ಅಂದರೆ ಪಾಪ್‌ಕಾರ್ನ್ ತರಲು ಎದ್ದು ಹೋಗುತ್ತಾರೆ. ಚರಿತ್ರೆಯ ತಪ್ಪನ್ನೂ ಕಥೆಯ ತೂತನ್ನೂ ಒಂದೇ ಮೂಟೆಗೆ ಕಟ್ಟಬೇಡಿ. ಮೊದಲನೆಯದರಿಂದ ಇತಿಹಾಸದ ಮೇಷ್ಟರಿಗೆ ಸಿಟ್ಟು ಬರುತ್ತದೆ, ಎರಡನೆಯದರಿಂದ ಎಲ್ಲರಿಗೂ.

ಈಗ ವಿಮಾನ. ಇದು ಅರ್ಧ ನಿಜ. ರಾತ್ರಿ ಹೊತ್ತು ಲೈಸಾಂಡರ್ ಅನ್ನೋ ಪುಟ್ಟ ವಿಮಾನಗಳು ಇಂಗ್ಲೆಂಡಿನಿಂದ ಹೊರಟು ಫ್ರಾನ್ಸಿನ ಹೊಲಗಳಲ್ಲಿ ಇಳಿದು, ಗೂಢಚಾರಿಗಳನ್ನು ಇಳಿಸಿ, ಹತ್ತಿಸಿಕೊಂಡು, ಬೆಳಕು ಹರಿಯುವುದರೊಳಗೆ ವಾಪಸ್ ಬರುತ್ತಿದ್ದುದು ಸತ್ಯ. ಹುಣ್ಣಿಮೆಯ ಆಚೀಚಿನ ರಾತ್ರಿಗಳಲ್ಲಿ ಮಾತ್ರ ಹೋಗುತ್ತಿದ್ದರು, ಯಾಕೆಂದರೆ ನದಿ, ರಸ್ತೆ ನೋಡಿಕೊಂಡೇ ದಾರಿ ಹುಡುಕಬೇಕಿತ್ತು. ಕೆಳಗೆ ಹೊಲದಲ್ಲಿ ಮೂರು ಟಾರ್ಚುಗಳನ್ನು ಕೋಲಿಗೆ ಕಟ್ಟಿ ನೆಟ್ಟಿರುತ್ತಿದ್ದರು, ಅದೇ ರನ್‌ವೇ. ಮೊದಲೇ ಒಪ್ಪಿಕೊಂಡ ಸಂಕೇತ ಮಿನುಗದಿದ್ದರೆ ಇಳಿಯದೇ ವಾಪಸ್. ಸಿನಿಮಾ ಇಷ್ಟರಮಟ್ಟಿಗೆ ಸರಿಯಾಗಿಯೇ ಇದೆ.

ಸರಿಯಿಲ್ಲದ್ದು ಜಾಗ ಮತ್ತು ಮನುಷ್ಯ. ಮ್ಯಾಕ್ಸ್ ಹೋಗುವುದು ಫ್ರಾನ್ಸಿನ ಕರಾವಳಿಯ ಡಿಯೆಪ್ ಊರಿಗೆ. 1942ರ ಆಗಸ್ಟ್ 19ರಂದು ಮಿತ್ರಪಡೆಗಳು ಅಲ್ಲಿ ದಾಳಿ ಮಾಡಿ ಸೋತಿದ್ದವು. ಹೋದವರಲ್ಲಿ ಹೆಚ್ಚಿನವರು ಕೆನಡಾದವರು, ಒಂದೇ ಬೆಳಗ್ಗೆ ಅವರಲ್ಲಿ 900ಕ್ಕೂ ಜಾಸ್ತಿ ಜನ ಸತ್ತರು. ಆಮೇಲೆ ಜರ್ಮನರು ಆ ಕರಾವಳಿಯನ್ನು ಇನ್ನಷ್ಟು ಬಿಗಿ ಮಾಡಿದರು. ಗುಟ್ಟಾಗಿ ಇಳಿಯಲು ಅದು ಕೊನೇ ಜಾಗ. ಇನ್ನು ಮ್ಯಾಕ್ಸ್, ಲಂಡನ್ ಕಚೇರಿಯಲ್ಲಿ ಕೂತು ಕಾರ್ಯಾಚರಣೆಗಳ ಒಳಗುಟ್ಟು ತಿಳಿದವನು. ನಾರ್ಮಂಡಿ ದಾಳಿಯ ಗುಟ್ಟು ಗೊತ್ತಿದ್ದ ಅಧಿಕಾರಿಗಳನ್ನು ಶತ್ರು ನೆಲದ ಮೇಲೆ ಹಾರಲು ಬಿಡುತ್ತಲೇ ಇರಲಿಲ್ಲ, ಸಿಕ್ಕಿಬಿದ್ದರೆ ಏನು ಗತಿ ಅಂತ. ಆದರೆ ಮ್ಯಾಕ್ಸ್ ಹೋಗುವುದು ಅಪ್ಪಣೆ ಮೀರಿ. ಹೆಂಡತಿಯ ಮೇಲಿನ ಅನುಮಾನ ತಲೆಗೇರಿದವನು ಏನು ಬೇಕಾದರೂ ಮಾಡುತ್ತಾನೆ ಅಂತ ಪ್ರೇಕ್ಷಕ ಒಪ್ಪಿಬಿಡುತ್ತಾನೆ. ಕಾರಣ ಗಟ್ಟಿಯಿದ್ದರೆ ಅಸಾಧ್ಯವೂ ದಾಟುತ್ತದೆ.

ಆದರೆ ಆ ನಿಯಮ ಇದೆಯಲ್ಲ, ಅಲ್ಲಿ ಕಾರಣವೇ ಇಲ್ಲ.

ನೇರವಾಗಿ ಹೇಳುತ್ತೇನೆ: ಗಂಡನೇ ಹೆಂಡತಿಯನ್ನು ಕೊಲ್ಲಬೇಕು ಅನ್ನೋ ನಿಯಮ ಬ್ರಿಟನ್ನಿನಲ್ಲಿ ಇರಲಿಲ್ಲ. 1940ರ ಮೇ ತಿಂಗಳಲ್ಲಿ ಗೂಢಚಾರಿಗಳಿಗೆ ಮರಣದಂಡನೆ ಕೊಡುವ ಕಾನೂನು ಬಂತು. ಅದರಡಿ ವಿಚಾರಣೆ ನಡೆಯುತ್ತಿತ್ತು, ಬಾಗಿಲು ಹಾಕಿಕೊಂಡಾದರೂ ನಡೆಯುತ್ತಿತ್ತು. ಯೋಸೆಫ್ ಯಾಕೋಬ್ಸ್ ಅನ್ನೋ ಜರ್ಮನ್ ಗೂಢಚಾರಿಗೆ 1941ರ ಆಗಸ್ಟ್ 15ರಂದು ಲಂಡನ್ ಟವರ್‌ನಲ್ಲಿ ಗುಂಡಿಟ್ಟರು. ಅದೂ ಸೇನಾ ನ್ಯಾಯಾಲಯದ ತೀರ್ಪಿನ ಮೇಲೆ. ಅಡುಗೆಮನೆಯಲ್ಲಿ ಗಂಡನ ಕೈಗೆ ಪಿಸ್ತೂಲು ಕೊಟ್ಟು ಕಳಿಸುವ ಪದ್ಧತಿ ಯಾರಿಗೂ ಬೇಕಿರಲಿಲ್ಲ.

ನಿಯಮ ಕಲ್ಪಿತ ಅನ್ನೋದೇ ನನ್ನ ತಕರಾರಲ್ಲ. ಕಥೆಗಾರ ನಿಯಮ ಹುಟ್ಟಿಸಬಹುದು. ಆದರೆ ಆ ನಿಯಮ ಮಾಡಿದವನಿಗೂ ಅದರಿಂದ ಏನಾದರೂ ಉಪಯೋಗ ಇರಬೇಕು ಅಲ್ವಾ? ಫೋನ್ ಸೀನನ್ನು ಇನ್ನೊಮ್ಮೆ ನೋಡಿ. ಮ್ಯಾಕ್ಸ್ ಹಾಸಿಗೆಯಿಂದ ಎದ್ದು ಫೋನ್ ಎತ್ತುತ್ತಾನೆ, ಹೇಳಿದ್ದನ್ನು ಬರೆದುಕೊಳ್ಳುತ್ತಾನೆ, ಚೀಟಿಯನ್ನು ಅವಳಿಗೆ ಕಾಣುವ ಹಾಗೆ ಬಿಡುತ್ತಾನೆ. ಪ್ರೇಕ್ಷಕ ಉಸಿರು ಬಿಗಿಹಿಡಿದು ಆ ಚೀಟಿಯನ್ನೇ ನೋಡುತ್ತಾನೆ. ಸೀನ್ ಅದ್ಭುತ. ಈಗ ಬ್ರಿಟಿಷರ ಕುರ್ಚಿಯಲ್ಲಿ ಕೂತು ಯೋಚಿಸಿ. ಚೀಟಿಯ ಸುಳ್ಳು ಬರ್ಲಿನ್‌ಗೆ ತಲುಪಿತು ಅಂದರೆ ಏನಾಯಿತು? ನಾವು ಇಲ್ಲಿ ಬರೆದದ್ದನ್ನು ಶತ್ರು ಅಲ್ಲಿ ನಂಬುತ್ತಾನೆ ಅಂತ ಸಾಬೀತಾಯಿತು. ಯುದ್ಧಕಾಲದಲ್ಲಿ ಇದಕ್ಕಿಂತ ಬೆಲೆಬಾಳುವ ವಸ್ತು ಇನ್ನೇನಿದೆ? ಹೊನ್ನಿನ ಮೊಟ್ಟೆ ಇಡುವ ಕೋಳಿ ಸಿಕ್ಕಿದೆ ಅಂತ ಪರೀಕ್ಷೆ ಮಾಡಿ ಖಾತ್ರಿಯಾದ ಮರುಗಳಿಗೆ ಕತ್ತು ಕೊಯ್ಯಲು ಹೊರಟಿದ್ದಾರೆ.

ನಿಜವಾದ ಬ್ರಿಟಿಷರು ಮಾಡಿದ್ದು ಇದರ ತದ್ವಿರುದ್ಧ. 1941ರ ಜನವರಿಯಲ್ಲಿ ಜಾನ್ ಮಾಸ್ಟರ್‌ಮನ್ ಅಧ್ಯಕ್ಷತೆಯಲ್ಲಿ ಒಂದು ಸಮಿತಿ ಶುರುವಾಯಿತು. ಸಿಕ್ಕಿಬಿದ್ದ ಜರ್ಮನ್ ಗೂಢಚಾರಿಗಳನ್ನು ತಮ್ಮ ಕಡೆ ತಿರುಗಿಸಿಕೊಂಡು, ಅವರ ಮೂಲಕ ಅರ್ಧ ಸತ್ಯ ಅರ್ಧ ಸುಳ್ಳು ಕಳಿಸುವುದೇ ಅದರ ಕೆಲಸ. ಯುದ್ಧ ಮುಗಿಯುವ ಹೊತ್ತಿಗೆ ಬ್ರಿಟನ್ನಿನಲ್ಲಿದ್ದ ಜರ್ಮನ್ ಬೇಹುಗಾರಿಕೆ ಜಾಲ ಪೂರ್ತಿ ಬ್ರಿಟಿಷರ ಹಿಡಿತದಲ್ಲೇ ಇತ್ತು ಅನ್ನಬಹುದು. ಹುವಾನ್ ಪುಜೋಲ್ ಅನ್ನೋ ಸ್ಪೇನಿನವನು, ಗುಪ್ತನಾಮ ಗಾರ್ಬೋ, ಇಲ್ಲದ 27 ಸಹಾಯಕರನ್ನು ಕಲ್ಪಿಸಿಕೊಂಡು ಜರ್ಮನರಿಗೆ ವರದಿ ಕಳಿಸುತ್ತಿದ್ದ. ಜರ್ಮನರು ಅವನಿಗೆ ಐರನ್ ಕ್ರಾಸ್ ಪದಕ ಕೊಟ್ಟರು, ಬ್ರಿಟಿಷರು ಎಂಬಿಇ ಗೌರವ ಕೊಟ್ಟರು. ಹಾಗಾಗಿ ಲಂಡನ್ನಿನಲ್ಲಿ ದಾದಿ, ಒಡವೆ ಅಂಗಡಿಯವನು ಅಂತ ಯಾರಿಗೂ ಗೊತ್ತಾಗದ ಜರ್ಮನ್ ಜಾಲ 1944ರವರೆಗೆ ನಡೆಯುತ್ತಿತ್ತು ಅನ್ನೋದೂ ಸಿನಿಮಾದ ಸೃಷ್ಟಿಯೇ.

ಪುಜೋಲ್ ಹೆಂಡತಿಯ ಪ್ರಸಂಗ ನಿಮ್ಮಂಥ ಬರಹಗಾರರಿಗೆ ಹಬ್ಬ. ಹೆಸರು ಅರಸೇಲಿ. ಲಂಡನ್ ಅವಳಿಗೆ ಒಗ್ಗಲಿಲ್ಲ. ಮೆಕರೋನಿ ಜಾಸ್ತಿ, ಆಲೂಗಡ್ಡೆ ಜಾಸ್ತಿ, ಮೀನು ಕಡಿಮೆ ಅನ್ನೋದು ಅವಳ ದೂರುಗಳಲ್ಲಿ ಒಂದು. ಅಮ್ಮನನ್ನು ನೋಡಬೇಕು, ಊರಿಗೆ ಕಳಿಸಿ ಅಂದಳು. ಕಳಿಸಲಿಲ್ಲ. 1943ರ ಜೂನ್‌ನಲ್ಲಿ, ಸ್ಪೇನ್ ರಾಯಭಾರ ಕಚೇರಿಗೆ ಹೋಗಿ ಎಲ್ಲ ಹೇಳಿಬಿಡುತ್ತೇನೆ ಅಂತ ಬೆದರಿಸಿದಳು. ಹೇಳಿದ್ದರೆ ಇಡೀ ಆಟ ಮುಗಿಯುತ್ತಿತ್ತು. ಬ್ರಿಟನ್ನಿನ ಒಳಗೆ ಗೂಢಚಾರಿಗಳನ್ನು ಹಿಡಿಯುವ ಸಂಸ್ಥೆ ಎಂಐ5 ಏನು ಮಾಡಿತು? ನಿನ್ನಿಂದಾಗಿ ನಿನ್ನ ಗಂಡನನ್ನೇ ಬಂಧಿಸಿದ್ದೇವೆ ಅಂತ ನಾಟಕ ಆಡಿತು. ಅವಳನ್ನು ಬಂದೀಖಾನೆಗೆ ಕರೆದೊಯ್ದು ಕೈದಿಯ ಬಟ್ಟೆಯಲ್ಲಿ ಕೂತ ಗಂಡನನ್ನು ತೋರಿಸಿತು. ಅವಳು ಹೆದರಿ, ಇನ್ನು ಬಾಯಿ ಬಿಡಲ್ಲ ಅಂತ ಒಪ್ಪಿಕೊಂಡಳು. ಆ ನಾಟಕದ ಉಪಾಯ ಗಂಡನದ್ದೇ! ಗುಂಡಿಲ್ಲ, ಹೆಣವಿಲ್ಲ. ಆದರೂ ದಾಂಪತ್ಯದೊಳಗಿನ ಮೋಸ ಅಂದರೆ ಇದಕ್ಕಿಂತ ಬೇರೆ ಬೇಕಾ?

ಮರಿಯಾನ್‌ಗೆ ತುಂಬ ಹತ್ತಿರದ ನಿಜವ್ಯಕ್ತಿಯೂ ಒಬ್ಬಳಿದ್ದಳು, ಮಥಿಲ್ಡ್ ಕಾರೆ. ಪ್ಯಾರಿಸ್ಸಿನ ಪ್ರತಿರೋಧ ಜಾಲದಲ್ಲಿದ್ದವಳು. 1941ರ ನವೆಂಬರ್‌ನಲ್ಲಿ ಸಿಕ್ಕಿಬಿದ್ದು, ಅಬ್ವೆಹ್ರ್‌ನ ಹ್ಯೂಗೋ ಬ್ಲೈಶರ್ ಜೊತೆ ಸಂಬಂಧ ಬೆಳೆಸಿ, ತನ್ನವರನ್ನೇ ಹಿಡಿದುಕೊಟ್ಟಳು. ಬ್ರಿಟಿಷ್ ಏಜೆಂಟ್ ಪಿಯೆರ್ ದ ವೊಮೆಕೂರ್‌ಗೆ ಅನುಮಾನ ಬಂದು ಬಾಯಿ ಬಿಡಿಸಿದ. ಬಿಡಿಸಿದವನು ಅವಳನ್ನು ಕೊಂದನಾ? ಇಲ್ಲ, ಜರ್ಮನರನ್ನು ನಂಬಿಸಿ 1942ರ ಫೆಬ್ರವರಿಯಲ್ಲಿ ಲಂಡನ್‌ಗೇ ಕರೆತಂದ. ಅಲ್ಲಿ ಮೊದಲು ನಿಗಾ ಇಟ್ಟರು, ಆಮೇಲೆ ಜೈಲಿಗೆ ಹಾಕಿದರು. ಯುದ್ಧದ ನಂತರ ಫ್ರಾನ್ಸಿನಲ್ಲಿ 1949ರಲ್ಲಿ ಮರಣದಂಡನೆ ಆಯಿತು, ಅದೂ ಕಡಿಮೆಯಾಗಿ 1954ರಲ್ಲಿ ಬಿಡುಗಡೆಯಾದಳು.

‘ಇದು ನಿಜ ಕಥೆಯಂತೆ’ ಅನ್ನೋ ಮಾತೂ ನಿಮ್ಮ ಕಿವಿಗೆ ಬಿದ್ದಿರಬಹುದು. ತಾನು ಯುವಕನಾಗಿದ್ದಾಗ ಯಾರೋ ಹೇಳಿದ ಕಥೆ ಇದು ಅಂತ ಸ್ಟೀವನ್ ನೈಟ್ ಹೇಳಿದ್ದುಂಟು. ಅದನ್ನು ಕೇಳಿದ ಕಥೆ ಅಂತಲೇ ಇಟ್ಟುಕೊಳ್ಳಿ, ದಾಖಲೆ ಅಂತ ಬೇಡ.

ಚಿತ್ರದ ಮೇಲೆ ಹೊರಿಸುವ ಕೆಲವು ಆಪಾದನೆಗಳು ಮಾತ್ರ ಅನ್ಯಾಯ. 1944ರಲ್ಲಿ ಲಂಡನ್ ಮೇಲೆ ಬಾಂಬ್ ದಾಳಿ ಎಲ್ಲಿತ್ತು ಅಂತ ಕೆಲವರು ಕೇಳುತ್ತಾರೆ. ದೊಡ್ಡ ದಾಳಿ 1941ರ ಮೇ ತಿಂಗಳಿಗೆ ನಿಂತಿತ್ತು ನಿಜ. ಆದರೆ 1944ರ ಜನವರಿಯಿಂದ ಮೇವರೆಗೆ ಜರ್ಮನ್ ವಿಮಾನಗಳು ಮತ್ತೆ ಬಂದವು. ಇನ್ನು ಮ್ಯಾಕ್ಸ್ ಪಾತ್ರ ಮಾಡಿದ ಬ್ರಾಡ್ ಪಿಟ್‌ನ ಫ್ರೆಂಚ್ ಉಚ್ಚಾರಣೆ. ಅವನು ಪ್ಯಾರಿಸ್‌ನವನ ಹಾಗೆ ಮಾತಾಡುವುದಿಲ್ಲ ಅನ್ನೋದನ್ನು ಮರಿಯಾನ್ ಬಾಯಲ್ಲೇ ಹೇಳಿಸಿಬಿಡುತ್ತಾರೆ. ಹಾಗಿದ್ದವನನ್ನು ಕಳಿಸುತ್ತಿದ್ದರಾ ಅಂದರೆ, ಕಳಿಸುತ್ತಿದ್ದರು. ಕೆನಡಾದ ಕೆನ್ ಮೆಕಾಲಿಸ್ಟರ್ ಫ್ರೆಂಚ್‌ನಲ್ಲಿ ಇಂಗ್ಲಿಷ್ ವಾಸನೆ ಎದ್ದು ಕಾಣುತ್ತಿತ್ತು. ಆದರೂ 1943ರ ಜೂನ್‌ನಲ್ಲಿ ಫ್ರಾನ್ಸಿಗೆ ಇಳಿಸಿದರು. ಕೆಲವೇ ದಿನಗಳಲ್ಲಿ ಸಿಕ್ಕಿಬಿದ್ದ, ಮುಂದಿನ ವರ್ಷ ನಾಜಿಗಳ ಬುಕೆನ್‌ವಾಲ್ಡ್ ಸೆರೆಶಿಬಿರದಲ್ಲಿ ಕೊಂದರು.

ಈಗ ನಿಮ್ಮ ನಿರೀಕ್ಷೆಯ ಪ್ರಶ್ನೆ. ಇಲ್ಲಿ ತಪ್ಪು ಅರ್ಧ ನಿಮ್ಮದು, ಅರ್ಧ ಚಿತ್ರವನ್ನು ಮಾರಿದವರದು. ಹೆಂಡತಿಯ ಮೇಲೆ ಅನುಮಾನ ಅನ್ನೋದನ್ನು ಟ್ರೇಲರ್‌ನಲ್ಲೇ ಬಿಟ್ಟುಕೊಟ್ಟರು. ಹಾಗಾಗಿ ಕಾಸಾಬ್ಲಾಂಕಾದ ಭಾಗವನ್ನು ಜನ ಪ್ರೇಮಕಥೆಯಾಗಿ ನೋಡಲೇ ಇಲ್ಲ, ಸುಳಿವು ಹುಡುಕುತ್ತಾ ಕೂತರು. ಸುಳಿವು ಹುಡುಕುವ ಪ್ರೇಕ್ಷಕ ಕೊನೆಗೆ ಎರಡನೇ ಟ್ವಿಸ್ಟ್ ಬೇಕು ಅಂತಾನೆ. ಇವಳು ನಿಜಕ್ಕೂ ನಿರಪರಾಧಿ, ಮೋಸಗಾರ ಇನ್ಯಾರೋ ಅಂತ ತಿರುಗುತ್ತದೆ ಅಂತ ನೀವೂ ಕಾದಿದ್ದಿರಿ, ಅಲ್ವಾ? ಚಿತ್ರಕ್ಕೆ ಆ ಉದ್ದೇಶವೇ ಇಲ್ಲ. ಅವಳು ಗೂಢಚಾರಿಣಿಯೇ. ಪ್ರೀತಿಯೂ ನಿಜವೇ. ಕಾಸಾಬ್ಲಾಂಕಾದಲ್ಲಿ ಅವಳು ತನ್ನ ಕಸುಬಿನ ಗುಟ್ಟು ಹೇಳುತ್ತಾಳೆ: ನಾನು ಭಾವನೆಗಳನ್ನು ನಿಜವಾಗಿಯೇ ಇಟ್ಟುಕೊಳ್ಳುತ್ತೇನೆ, ಅದಕ್ಕೇ ಎಲ್ಲರೂ ನಂಬುತ್ತಾರೆ ಅಂತ. ಮೊದಲ ಸಲ ಅದು ಚಾಲಾಕಿತನದ ಮಾತು. ಎರಡನೇ ಸಲ ನೋಡಿದಾಗ ತಪ್ಪೊಪ್ಪಿಗೆ. ಇಡೀ ಸ್ಕ್ರಿಪ್ಟ್‌ನಲ್ಲಿ ನನಗೆ ಹೊಟ್ಟೆಕಿಚ್ಚು ತರಿಸಿದ ಸಾಲು ಅದು. ಪಿಯಾನೋ ಸೀನೂ ಅಷ್ಟೇ. ನಿಜವಾದ ಮರಿಯಾನ್ ಫ್ರೆಂಚ್ ರಾಷ್ಟ್ರಗೀತೆ ನುಡಿಸುತ್ತಿದ್ದಳು ಅಂತ ತಿಳಿದು ಬಂದ ಗಂಡ, ಇವಳನ್ನು ಪಿಯಾನೋ ಮುಂದೆ ಕೂರಿಸಿ ‘ನುಡಿಸು’ ಅಂತಾನೆ. ಇವಳಿಗೆ ಬರುವುದಿಲ್ಲ. ಚೀಟಿ, ಫೋನು ಏನೂ ಬೇಕಿರಲಿಲ್ಲ, ಇದೊಂದೇ ಸಾಕಿತ್ತು.

ನಿಮ್ಮ ಸ್ಕ್ರಿಪ್ಟ್‌ಗೆ ಬರೋಣ. ಇದೇ ಚೌಕಟ್ಟು ಇಟ್ಟುಕೊಂಡಿದ್ದೀರಿ ಅಂದುಕೊಂಡು ಹೇಳುತ್ತೇನೆ.

ನಾನಾದರೆ ಅವಳನ್ನು ಕೊಲ್ಲಿಸುವುದಿಲ್ಲ, ತಿರುಗಿಸುತ್ತೇನೆ. ಗುಟ್ಟು ಬಯಲಾದ ದಿನ ಅಧಿಕಾರಿಗಳು ಗಂಡನಿಗೆ ಹೇಳಲಿ: ಅವಳ ಜೊತೆ ಏನೂ ಗೊತ್ತಿಲ್ಲದವನಂತೆ ಸಂಸಾರ ಮಾಡು, ನಾವು ಕೊಟ್ಟ ಸುಳ್ಳನ್ನು ದಿನಾ ಅವಳ ಕಣ್ಣಿಗೆ ಬೀಳಿಸು. ಈಗ ಮೋಸ ಮಾಡುತ್ತಿರುವವನು ಅವನು. ವೆಬ್ ಸೀರೀಸ್‌ಗೆ ಇದು ಹೇಳಿ ಮಾಡಿಸಿದ್ದು, ಕಂತಿಗೊಂದು ಸುಳ್ಳು ಸಿಗುತ್ತದೆ. ಅಪಾಯವೂ ಇದೆ. ತಲೆಗೆ ಗುರಿಯಿಟ್ಟ ಪಿಸ್ತೂಲು ಹೋಗುತ್ತದೆ, ಬಿಗಿ ಸಡಿಲವಾಗುತ್ತದೆ. ಅದರ ಜಾಗದಲ್ಲಿ ಜರ್ಮನರಿಗೆ ಅನುಮಾನ ಬಂದರೆ ಮಗುವಿನ ಗತಿಯೇನು ಅನ್ನೋ ಹೆದರಿಕೆಯನ್ನು ಎರಡನೇ ಕಂತಿನಿಂದಲೇ ಹಚ್ಚಬೇಕು. ‘ಅಲೈಡ್’ನಲ್ಲಿ ಮಗುವಿನ ಹೆಸರಲ್ಲಿ ಅವಳನ್ನು ಬೆದರಿಸಿದ್ದು ಗೊತ್ತಾಗುವುದು ಕೊನೆಯಲ್ಲಿ, ಅದೂ ಬಾಯಿಮಾತಿನಲ್ಲಿ.

ಕಥೆಯನ್ನು ಮೊದಲಿಂದಲೇ ಹೆಂಡತಿಯ ಕಣ್ಣಿನಿಂದ ಹೇಳುವುದೂ ಒಂದು ದಾರಿ. ಟ್ವಿಸ್ಟ್ ಕಳೆದುಕೊಳ್ಳುತ್ತೀರಿ, ಆತಂಕ ಗಳಿಸುತ್ತೀರಿ. ಆದರೆ ನಾಜಿಗಳಿಗೆ ಕೆಲಸ ಮಾಡುವವಳ ಜೊತೆ ಪ್ರೇಕ್ಷಕನನ್ನು ಗಂಟೆಗಟ್ಟಲೆ ಕೂರಿಸುವುದು ಸುಲಭವಲ್ಲ. ಅವಳಿಗೆ ಒತ್ತಡ ಎಲ್ಲಿಂದ ಬಂತು ಅನ್ನೋದನ್ನು ಬೇಗ ತೋರಿಸಬೇಕು. ತೀರಾ ಬೇಗ ತೋರಿಸಿದರೆ ಅವಳು ಬರೀ ಬಲಿಪಶು ಆಗಿಬಿಡುತ್ತಾಳೆ, ಆಗ ಅನುಮಾನಕ್ಕೆ ಜಾಗವೇ ಇರಲ್ಲ.

ಮತ್ತೊಂದು, ಮುಖಾಮುಖಿ ಬಿಟ್ಟು ವೈರ್‌ಲೆಸ್ ಮೇಲೆ ಕಟ್ಟುವುದು. ಒಬ್ಬರ ಹೆಸರಲ್ಲಿ ಇನ್ನೊಬ್ಬರು ಬರುವ ಮೋಸ ನಿಜವಾಗಿ ಜಾಸ್ತಿ ನಡೆದದ್ದು ರೇಡಿಯೋದಲ್ಲೇ. ಹಾಲೆಂಡಿನಲ್ಲಿ ಜರ್ಮನರು ಹಿಡಿದ ಆಪರೇಟರ್‌ಗಳ ಸೆಟ್‌ಗಳಿಂದಲೇ ಲಂಡನ್‌ಗೆ ಸಂದೇಶ ಕಳಿಸಿ, ಹೊಸದಾಗಿ ಪ್ಯಾರಾಶೂಟ್‌ನಲ್ಲಿ ಇಳಿದ 50ಕ್ಕೂ ಹೆಚ್ಚು ಏಜೆಂಟರನ್ನು ನೇರ ಕೈಗೆ ತೆಗೆದುಕೊಂಡರು. ಅಪಾಯ ಗೊತ್ತೇ ಇದೆ: ನಾಯಕ, ನಾಯಕಿ ಒಂದೇ ಫ್ರೇಮಿನಲ್ಲಿ ಸಿಗುವುದಿಲ್ಲ, ನಿರ್ಮಾಪಕರು ಮುಖ ಸಿಂಡರಿಸುತ್ತಾರೆ.

ಈ ದಾರಿ ಹಿಡಿದರೆ ನಿಮಗೆ ನೂರ್ ಇನಾಯತ್ ಖಾನ್ ಎದುರಾಗುತ್ತಾಳೆ. ತಂದೆಯ ಕಡೆಯಿಂದ ನಮ್ಮ ಟಿಪ್ಪು ಸುಲ್ತಾನನ ವಂಶದವಳು, ಹುಟ್ಟಿದ್ದು 1914ರಲ್ಲಿ ಮಾಸ್ಕೋದಲ್ಲಿ. 1943ರ ಜೂನ್‌ನಲ್ಲಿ ಲೈಸಾಂಡರ್‌ನಲ್ಲೇ ಫ್ರಾನ್ಸಿಗೆ ಇಳಿದ ವೈರ್‌ಲೆಸ್ ಆಪರೇಟರ್. ಅಕ್ಟೋಬರ್‌ನಲ್ಲಿ ಸಿಕ್ಕಿಬಿದ್ದ ಮೇಲೆ ಅವಳ ಸೆಟ್‌ನಿಂದ ಜರ್ಮನರು ಲಂಡನ್‌ಗೆ ಮೋಸ ಮಾಡಿದರು. 1944ರ ಸೆಪ್ಟೆಂಬರ್‌ನಲ್ಲಿ ದಾಖಾವ್ ಸೆರೆಶಿಬಿರದಲ್ಲಿ ಕೊಂದರು. ಕರ್ನಾಟಕದ ನಂಟು ಸಿಕ್ಕಿತು ಅಂತ ಅವಳಿಗೊಂದು ಕಲ್ಪಿತ ಪ್ರೇಮಪ್ರಕರಣ ಅಂಟಿಸಬೇಡಿ. ಅವಳ ಕಥೆ ಬೇಕಿದ್ದರೆ ಅವಳದ್ದನ್ನೇ ಬರೆಯಿರಿ, ಪ್ರೇಮಕಥೆ ಬೇಕಿದ್ದರೆ ಹೊಸ ಹೆಸರು ಇಡಿ.

ಇಷ್ಟಾಗಿಯೂ ಆ ಕೊಲ್ಲುವ ನಿಯಮವೇ ಬೇಕು ಅನ್ನಿಸಿದರೆ ಒಂದು ಸೀನ್ ಬರೆದು ನೋಡಿ. ಮೇಜಿನ ಆಚೆ ಅಧಿಕಾರಿ, ಈಚೆ ಗಂಡ. ಗಂಡ ಕೇಳಲಿ: ‘ಅವಳನ್ನು ಯಾಕೆ ಕೊಲ್ಲಬೇಕು? ಜೀವಂತ ಇಟ್ಟುಕೊಂಡರೆ ನಿಮಗೇ ಲಾಭ ಅಲ್ವಾ?’ ಅಧಿಕಾರಿಯ ಬಾಯಲ್ಲಿ ಒಪ್ಪುವಂಥ ಉತ್ತರ ಹುಟ್ಟಿತಾ, ನಿಯಮ ಇಟ್ಟುಕೊಳ್ಳಿ. ‘ಅದು ರೂಲ್ಸ್’ ಅಂತ ಬಿಟ್ಟು ಬೇರೇನೂ ಹೊಳೆಯದಿದ್ದರೆ ಆ ಪುಟಗಳನ್ನು ತೆಗೆದು, ಕಥೆಯನ್ನು ಇಂಟರ್ವಲ್‌ನಿಂದ ಮತ್ತೆ ಶುರು ಮಾಡಿ.